ಮಗಳ ಫೀಯಲ್ಲಿ ನಾನು ಕಲಿತ ಪಿಯಾನೊ

ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಟ್ರಂಕು, ರೇಷ್ಮೆ ಸೀರೆ, ತೀರಿಹೋದ ಅತ್ತೆ ನೆನಪಾಗಬಹುದು. ನನಗೆ ನೆನಪಾಗುವುದು ಪಿಯಾನೊ. ಮೊನ್ನೆ ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಿದ್ದ ಮರುದಿನ ಜೇವರ್ಗಿ ಬಜಾರಿನ ಕಿರಾಣಿ ಅಂಗಡಿಗೆ ಹೋಗಿ ನೂರು ಗ್ರಾಂ ಗುಳಿಗೆ ಕೇಳಿದೆ. "ವರ್ಸಾ ವರ್ಸಾ ಇದೇ ಹೊತ್ತಿಗೆ ಒಯ್ತೀರಲ್ರೀ ಅಕ್ಕಾರ, ಅಷ್ಟು ಸೀರಿ ಅದಾವೇನು?" ಎಂದ ಅಂಗಡಿಯವನು. "ಸೀರಿಗಲ್ಲಪ್ಪಾ" ಎಂದಷ್ಟೇ ಹೇಳಿ ಪೊಟ್ಟಣ ಇಸಕೊಂಡೆ. ದಾರಿಯುದ್ದಕ್ಕೂ ಕೈಚೀಲದಿಂದ ಅದೇ ವಾಸನೆ. ಐದು ವರ್ಷದ ಹಿಂದಿನ ಮಳೆಗಾಲ ಪೂರ್ತಿ ನನ್ನ ಜೊತೆ ನಡೆದು ಮನೆಗೆ ಬಂತು.

ನಾನು ನೀಲಮ್ಮ. ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದೆ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ನನ್ನ ರೊಟ್ಟಿಯ ಬಗ್ಗೆ ನಾನೇ ಹೇಳಿದರೆ ಜಂಬ ಅನ್ನುತ್ತೀರಿ, ಆದರೂ ಹೇಳುತ್ತೇನೆ. ಹೆದ್ದಾರಿಯ ಧಾಬಾದವನು ನನ್ನ ರೊಟ್ಟಿ ಬಿಟ್ಟು ಬೇರೆಯವರದು ಮುಟ್ಟುತ್ತಿರಲಿಲ್ಲ. ಗಂಡ ಬಸವರಾಜ ಅಡತಿ ಅಂಗಡಿಯಲ್ಲಿ ತೊಗರಿ ತೂಗುತ್ತಾನೆ. ಒಬ್ಬಳೇ ಮಗಳು ಸುಧಾ, ಆ ವರ್ಷ ಒಂಬತ್ತು ಮುಗಿಸಿ ಹತ್ತನೇ ಕ್ಲಾಸಿಗೆ ಬಂದಿದ್ದಳು.

ಬೇಸಿಗೆ ರಜೆಯಲ್ಲಿ ಅವಳು ಮೊಬೈಲಿನಲ್ಲಿ ಯಾವುದೋ ಹುಡುಗಿ ಪಿಯಾನೊ ನುಡಿಸುವುದನ್ನು ನೋಡಿ ಹಟ ಹಿಡಿದಳು. ಜೇವರ್ಗಿಗೆ ಪಿಯಾನೊ ಎಲ್ಲಿಂದ ಬರಬೇಕು ಎಂದುಕೊಂಡರೆ, ಕೋರ್ಟಿನ ಹಿಂದಿನ ಓಣಿಯಲ್ಲಿ ನಿಜಕ್ಕೂ ಒಂದಿತ್ತು. ಎಸ್ತೇರ್ ಟೀಚರ್ ಕಲಬುರಗಿಯ ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿ, ತಂಗಿ ಇದ್ದಾಳೆಂದು ಇಲ್ಲಿಗೆ ಬಂದು ನೆಲೆಸಿದವರು. ಶಾಲೆಯವರು ಮೂಲೆಗೆ ತಳ್ಳಿದ್ದ ಹಳೆಯ ಪಿಯಾನೊವನ್ನು ಕೊಂಡು, ಜೋಳದ ಕಣಿಕೆ ಸುತ್ತಿ, ಟ್ರ್ಯಾಕ್ಟರಿನಲ್ಲಿ ತಾವೂ ಅದನ್ನು ಹಿಡಿದು ನಿಂತುಕೊಂಡೇ ತಂದಿದ್ದರಂತೆ. ಫೀ ತಿಂಗಳಿಗೆ ಎಂಟುನೂರು, ಮೂರು ತಿಂಗಳದು ಮುಂಗಡ, ವಾರಕ್ಕೆ ಎರಡು ಪಾಠ. ಗೋಡೆಗೆ ಕಟ್ಟು ಹಾಕಿಸಿದ ಬೋರ್ಡು: ಕಟ್ಟಿದ ಫೀ ವಾಪಸ್ ಇಲ್ಲ. ನನಗೆ ಲೆಕ್ಕ ಅಂದರೆ ರೊಟ್ಟಿಯ ಲೆಕ್ಕ. ರೊಟ್ಟಿಗೆ ಆರು ರೂಪಾಯಿಯಂತೆ ನಾನೂರು ರೊಟ್ಟಿ ಬಡಿದು ಫೀ ಕಟ್ಟಿದೆ.

ನಾಲ್ಕನೇ ಪಾಠಕ್ಕೆ ಮಗಳ ಹುಚ್ಚು ಇಳಿಯಿತು. "ನಾ ಒಲ್ಲೆ ಅವ್ವಾ. ಬೆರಳ ನೋಯ್ತಾವ. ಟ್ಯೂಷನ್ ಬ್ಯಾರೆ ಸುರು ಆಗ್ಯಾವ" ಎಂದಳು. ಬೈದೆ, ಮುದ್ದು ಮಾಡಿದೆ, ಮತ್ತೆ ಬೈದೆ. ಕಡೆಗೆ ಸೆರಗು ಬಿಗಿದುಕೊಂಡು ನಾನೇ ಟೀಚರ್ ಮನೆಗೆ ಹೋದೆ.

"ಫೀ ವಾಪಸ್ ಕೊಡಂಗಿಲ್ಲ, ನೀಲಮ್ಮ. ಬೋರ್ಡ್ ನೋಡೀರಲ್ಲ?" ಎಂದರು ಟೀಚರ್, ನಾನು ಬಾಯಿ ತೆರೆಯುವ ಮೊದಲೇ.

"ವಾಪಸ್ ಯಾರ ಕೇಳ್ಯಾರ್ರೀ? ಉಳದ ಪಾಠ ನಂಗ ಹೇಳಿಕೊಡ್ರಿ."

ಅವರು ಕನ್ನಡಕ ಮೇಲೇರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಫೀ ಮಗಳ ಹೆಸರಿಗೆ ಅದ."

"ಅಕಿನ್ನ ಒಂಬತ್ತ ತಿಂಗಳ ಹೊತ್ತಾಕಿ ನಾ. ಅಕಿ ಪಾಠ ಮೂರ ತಿಂಗಳ ಹೊರಾಕ ಆಗಂಗಿಲ್ಲೇನ್ರಿ?"

ಟೀಚರ್ ನಕ್ಕರು. ನಗು ಮುಗಿದ ಮೇಲೆ ಮುಖ ಬಿಗಿ ಮಾಡಿ, "ಮಂಗಳವಾರ, ಶುಕ್ರವಾರ. ನಾಕ ಗಂಟೆಕ್ಕ. ತಡಾ ಆದ್ರ ಬಾಗಲಾ ತಗಿಯಂಗಿಲ್ಲ" ಎಂದರು.

ಕೊಟ್ಟ ದುಡ್ಡು ಬಿಡಬಾರದೆಂದು ಹೋಗುತ್ತಿದ್ದೇನೆ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ಅರ್ಧ ಖರೇ. ಇನ್ನರ್ಧ ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ, ನನ್ನ ತವರಿನಲ್ಲಿ ಇತ್ತು. ನಮ್ಮ ಶರಣಪ್ಪ ಕಾಕಾ ಅಲ್ಲಿಯ ಬಸವಣ್ಣನ ಗುಡಿಯ ಭಜನೆಯಲ್ಲಿ ನಲವತ್ತು ವರ್ಷ ಪೇಟಿ ನುಡಿಸಿದವನು. ಪೇಟಿ ಎಂದರೆ ಹಾರ್ಮೋನಿಯಂ. ಬಲಗೈ ಕಪ್ಪು ಬಿಳಿ ಮನೆಗಳ, ಅಂದರೆ ಕೀಗಳ ಮೇಲೆ ಓಡಾಡುತ್ತದೆ, ಎಡಗೈ ಹಿಂದಿನ ತಿದಿಯನ್ನು ಒತ್ತಿ ಗಾಳಿ ಹಾಕುತ್ತದೆ. ಆದರೆ ಭಜನೆ ರಂಗೇರಿತೆಂದರೆ ಕಾಕಾನಿಗೆ ಎರಡೂ ಕೈಯಲ್ಲಿ ನುಡಿಸುವ ಹುರುಪು. ಆಗ ನನ್ನನ್ನು ಪೇಟಿಯ ಆಚೆ ಬದಿ ಎದುರಿಗೆ ಕೂಡಿಸಿ ತಿದಿ ಒತ್ತಲು ಹಚ್ಚುತ್ತಿದ್ದ. ನನಗೆ ಎಂಟೋ ಒಂಬತ್ತೋ ವಯಸ್ಸು. ರಟ್ಟೆ ಸೋತು ಬೀಳುತ್ತಿದ್ದವು.

"ಕಾಕಾ, ನಾ ಒಮ್ಮಿ ನುಡಸ್ಲೇನು?" ಎಂದು ಕೇಳಿದರೆ ಒಂದೇ ಉತ್ತರ: "ಗಾಳಿ ಹಾಕೂದು ನಿನ್ನ ಕೆಲಸ, ನುಡಸೂದು ನನ್ನ ಕೆಲಸ. ಪದಾ ಮುಗಿಯೂ ತನಾ ಗಾಳಿ ನಿಂದರಬಾರ್ದು ಬೇ."

ಹೆಣ್ಣುಮಕ್ಕಳು ಪೇಟಿಗೆ ಕೂಡುವ ರೂಢಿ ನಮ್ಮೂರಲ್ಲಿ ಇರಲಿಲ್ಲ. ಕಾಕಾ ಕೆಟ್ಟವನಲ್ಲ, ಜಾತ್ರೆಯಿಂದ ಬಳೆ ತಂದು ಕೊಡುತ್ತಿದ್ದ, ಹೆಗಲ ಮೇಲೆ ಹೊತ್ತು ಹೊಲ ತಿರುಗಿಸುತ್ತಿದ್ದ. ಪೇಟಿ ಮಾತ್ರ ಕೊಡಲಿಲ್ಲ. ಅದರ ಸಿಟ್ಟು ನನಗೆ ಇಂದಿಗೂ ನೆನಪಿದೆ. ಆದರೆ ಸಿಟ್ಟಿನಲ್ಲೂ ಕಣ್ಣು ತೆರೆದೇ ಕೂತಿದ್ದೆ. ನಾಲ್ಕು ವರ್ಷ ಎದುರಿಗೆ ಕೂತು ಅವನ ಬೆರಳು ನೋಡಿದ್ದೇನೆ. ಭಜನೆಯ ಯಾವ ಪದಕ್ಕೆ ಬೆರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಬಾಯಿಪಾಠವಾಗಿತ್ತು.

ಈ ಬಾಯಿಪಾಠವೇ ಮೊದಲ ದಿನ ನನಗೆ ಮುಳುವಾಯಿತು. "ಎತ್ತರದ ದನಿ ಬಲಕ್ಕ ಅದ ನೀಲಮ್ಮ, ನೀವ್ಯಾಕ ಎಡಕ್ಕ ಹೋಗಾಕತ್ತೀರಿ?" ಎಂದು ಟೀಚರ್ ಮೂರು ಸಲ ಕೇಳಿದರು. ನಾನು ಎದುರುಬದಿಯಿಂದ ನೋಡಿ ಕಲಿತವಳು. ನನ್ನ ಎಡ ಕಾಕಾನ ಬಲ. ಒಳಗಿದ್ದುದನ್ನೆಲ್ಲ ತಿರುಗಿಸಿಕೊಳ್ಳಲು ಎರಡು ವಾರ ಹಿಡಿಯಿತು.

ಎರಡನೇ ತಕರಾರು ನನ್ನ ಅಂಗೈಯದು. ಇಪ್ಪತ್ತು ವರ್ಷ ರೊಟ್ಟಿ ಬಡಿದ ಕೈ, ಚಪ್ಪಟೆಯಾಗಿಯೇ ಬೀಳುತ್ತದೆ. "ರೊಟ್ಟಿ ಬಡದಂಗ ಬಡೀಬ್ಯಾಡ್ರೀ! ಪಿಯಾನೊ ನಿಮಗೇನ ಮಾಡ್ಯಾದ?" ಎಂದು ಚೀರಿದರು. ಅಂಗೈಯೊಳಗೆ ನಿಂಬೆಹಣ್ಣು ಹಿಡಿದಂತೆ ಬೆರಳು ಬಾಗಬೇಕಂತೆ. ಮುಂಗೈ ಮೇಲೆ ಒಂದು ರೂಪಾಯಿಯ ನಾಣ್ಯ ಇಡುತ್ತಿದ್ದರು. ನಾಣ್ಯ ಬಿದ್ದರೆ ಮೊದಲಿನಿಂದ. ನನ್ನ ಜೊತೆ ಪಾಠಕ್ಕೆ ಬರುತ್ತಿದ್ದ ಐದನೇ ಕ್ಲಾಸಿನ ಹುಡುಗಿಯ ನಾಣ್ಯ ಅಲ್ಲಾಡುತ್ತಿರಲಿಲ್ಲ, ನನ್ನದು ಉರುಳಿ ಪಿಯಾನೊ ಕೆಳಗೆ ಹೋಗುತ್ತಿತ್ತು. ಮಂಡಿಯೂರಿ ಹುಡುಕಿ ತೆಗೆಯುವ ಕೆಲಸವೂ ನನ್ನದೇ.

ಆದರೆ ಎರಡು ಕೈ ಸೇರಿಸಿ ನುಡಿಸುವ ಪಾಠ ಬಂದಾಗ ಟೀಚರ್ ಬೆರಗಾದರು. ಎಡಗೈ ಒಂದು ಹೇಳಬೇಕು, ಬಲಗೈ ಇನ್ನೊಂದು ಹೇಳಬೇಕು. ಇದಕ್ಕೆ ಹುಡುಗರು ತಿಂಗಳುಗಟ್ಟಲೆ ಒದ್ದಾಡುತ್ತಾರಂತೆ. ನನಗೆ ಎರಡನೇ ದಿನಕ್ಕೇ ಕೂತಿತು. "ಇದನ್ನ ಎಲ್ಲಿ ಕಲ್ತ್ರಿ?" ಎಂದರು. "ರೊಟ್ಟಿ ಹಲಗಿ ಮ್ಯಾಲ್ರಿ" ಎಂದೆ. ರೊಟ್ಟಿಗೂ ಹಾಗೇ ಅಲ್ಲವೇ? ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ, ಬಾಯಿ ಬೇಕಾದರೆ ಪಕ್ಕದ ಮನೆಯವಳ ಜೊತೆ ಜಗಳ ಆಡುತ್ತದೆ. ಅಂದು ಮನೆಗೆ ಬರುವಾಗ ನೆಲ ಕಾಲಿಗೆ ತಾಗಲಿಲ್ಲ.

ಅಷ್ಟರಲ್ಲಿ ಮಿರಗ ಹಿಡಿದಿತ್ತು. ಕರಿಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಒಂದೊಂದು ಸೇರು ತೂಗುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ಡಾಂಬರು ಗುಳಿಗೆಯ ವಾಸನೆ. ಪಿಯಾನೊದ ಒಳಗೆ ಉಣ್ಣೆಬಟ್ಟೆ ಇರುತ್ತದೆ, ಅದಕ್ಕೆ ನುಸಿ ಹತ್ತಬಾರದೆಂದು ಟೀಚರ್ ಗುಳಿಗೆ ಕಟ್ಟಿ ಇಟ್ಟಿದ್ದರು. ಮಳೆಗೆ ಕಟ್ಟಿಗೆ ಉಬ್ಬಬಾರದೆಂದು ಅದರ ಹೊಟ್ಟೆಯಲ್ಲಿ ಒಂದು ಸಣ್ಣ ಬಲ್ಬು ಹಗಲೂ ರಾತ್ರಿ ಉರಿಯುತ್ತಿತ್ತು. ಬೆಚ್ಚಗಿನ ಕಟ್ಟಿಗೆ, ಗುಳಿಗೆ, ಹೊರಗಿನ ಹಸಿ ಮಣ್ಣು, ಎಲ್ಲ ಸೇರಿದ ವಾಸನೆ. ಕರೆಂಟು ಹೋದ ಮರುದಿನ ನಡುವಿನ ಒಂದು ಮನೆ ಒತ್ತಿದರೆ ಒತ್ತಿದಲ್ಲೇ ಕೂತುಬಿಡುತ್ತಿತ್ತು. ಟೀಚರ್ ಅದನ್ನು ಉಗುರಿನಿಂದ ಎತ್ತಿ, "ಇದಕ್ಕೂ ವಯಸ್ಸಾತು, ನಂಗೂ ವಯಸ್ಸಾತು. ನೀವ ನಡಸ್ರಿ" ಅನ್ನುತ್ತಿದ್ದರು.

ಕಾರಹುಣ್ಣಿಮೆಗೆ ತವರಿಗೆ ಹೋದೆ. ಕಾಕಾನಿಗೆ ಹಿಂದಿನ ದೀಪಾವಳಿಯಲ್ಲಿ ಲಕ್ವಾ ಹೊಡೆದು ಬಲಭಾಗ ಸತ್ವ ಕಳೆದುಕೊಂಡಿತ್ತು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಮಾತು ನಿಧಾನ, ಆದರೆ ಸ್ಪಷ್ಟ. ಆರೇಳು ತಿಂಗಳಿಂದ ಪೇಟಿಯಿಲ್ಲದೆ ಬರೀ ತಾಳ, ದಮ್ಮಡಿಯ ಮೇಲೆ ಭಜನೆ ನಡೆದಿತ್ತು. ಭಜನೆಯ ಹಿರಿಯ ಮಲ್ಲಣ್ಣ ಅಂದು ಮನೆಗೆ ಬಂದು ಕೂತಿದ್ದ. ಗಾಣಗಾಪುರದ ಅಂಗಡಿಯವನೊಬ್ಬ ಪೇಟಿ ಕೊಳ್ಳುತ್ತಾನಂತೆ, ಬಂದ ದುಡ್ಡಿಗೆ ಒಂದು ದೊಡ್ಡ ಸ್ಪೀಕರ್ ತರುವುದಂತೆ. ಕಾಕಾ ತಲೆ ತಗ್ಗಿಸಿ ಹೇಳಿದ: "ಶ್ರಾವಣ ಮುಗಿಯೂ ತನಾ ನೋಡ್ರಿ. ಕಡೇ ಸೋಮವಾರಕ್ಕ ಯಾರರೆ ಕೂತ್ರ ಕೂಡ್ಲಿ. ಇಲ್ಲಾಂದ್ರ ಮಾರಿಬಿಡ್ರಿ. ಸುಮ್ನ ಇಟ್ಟ ಪೇಟಿಗೆ ಇಲಿ ಬೀಳ್ತಾವ."

"ನಾ ಕೂಡ್ತೇನಿ" ಎಂದೆ.

ಮಲ್ಲಣ್ಣ ನನ್ನ ಕಡೆ ತಿರುಗಿ, "ಎಲ್ಲಿ ಕೂಡ್ತಿ ಬೇ?" ಎಂದ.

"ಪೇಟಿಗೆ. ಮಾರಬ್ಯಾಡ್ರಿ. ಕಡೇ ಸೋಮವಾರ ನಾ ಬರ್ತೇನಿ, ನಾ ನುಡಸ್ತೇನಿ."

ಅವನು ತೊಡೆ ತಟ್ಟಿಕೊಂಡು ನಕ್ಕ. ಕಾಕಾ ನಗಲಿಲ್ಲ, ಬೈಯಲೂ ಇಲ್ಲ. "ನೋಡೂಣು" ಎಂದ, ಅಷ್ಟೇ. ಪೇಟಿ ಅಲ್ಲೇ ಗುಡಿಯ ಪೆಟ್ಟಿಗೆಯಲ್ಲಿತ್ತು. ಒಮ್ಮೆ ಕೈಯಾಡಿಸಿ ನೋಡುತ್ತೇನೆ ಎಂದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ನಾನು ಕೇಳಲಿಲ್ಲ. ಒಂದು ಸಲ ಕೇಳಿ ಇಲ್ಲ ಅನ್ನಿಸಿಕೊಂಡವಳಿಗೆ ಇನ್ನೊಂದು ಸಲ ಕೇಳಲು ನಾಲಿಗೆ ಏಳುವುದಿಲ್ಲ. ಕೂತರೆ ನುಡಿಸಲಿಕ್ಕೇ ಕೂಡಬೇಕು ಎಂದು ಎದ್ದು ಬಂದೆ.

ಆಮೇಲಿನ ಎರಡು ತಿಂಗಳು ನನಗೆ ಹುಚ್ಚು ಹಿಡಿದಿತ್ತು. ಮನೆಯಲ್ಲಿ ಪಿಯಾನೊ ಎಲ್ಲಿಂದ ತರಲಿ? ರೊಟ್ಟಿ ಹಲಗೆಯ ಹಿಂಬದಿಗೆ ಸುಧಾಳಿಂದ ಸುಣ್ಣದ ಕಡ್ಡಿಯಲ್ಲಿ ಮನೆಗಳನ್ನು ಬರೆಸಿಕೊಂಡೆ. ರೊಟ್ಟಿ ಮುಗಿದ ಮೇಲೆ ಹಲಗೆ ಮಗುಚಿ ಹಾಕಿ, ಬಾಯಲ್ಲಿ ಪದ ಗುನುಗುತ್ತ ಎರಡೂ ಕೈಯಿಂದ ಅದರ ಮೇಲೆ ಸಾಧನೆ. ಗಂಡ ಬಾಗಿಲಲ್ಲಿ ನಿಂತು, "ನಿಮ್ಮವ್ವ ಹಲಗಿ ಬಡೀಲಿ, ನಾವು ಹೊಟ್ಟಿ ಬಡ್ಕೊಳ್ಳೂಣು" ಎಂದು ಮಗಳಿಗೆ ಹೇಳುತ್ತಿದ್ದ. ಹಾಗೆ ಹೇಳುತ್ತಲೇ ಮಂಗಳವಾರ, ಶುಕ್ರವಾರ ಸಂಜೆ ನಾನು ಬರುವ ಹೊತ್ತಿಗೆ ಹಿಟ್ಟಿಗೆ ಎಸರಿಟ್ಟು ಕಾಯುತ್ತಿದ್ದ. ಬಾಯಿ ಖಾರ, ಮನುಷ್ಯ ಸಿಹಿ.

ಪಾಠದ ಬೆಲೆ ನಾನೂರು ರೊಟ್ಟಿಗೆ ಮುಗಿಯಲಿಲ್ಲ. ಧಾಬಾದವನು ಶುಕ್ರವಾರ ನಾಲ್ಕಕ್ಕೇ ರೊಟ್ಟಿ ಒಯ್ಯುತ್ತಿದ್ದ. ನಾನು ಆರಕ್ಕೆ ಕೊಡುತ್ತೇನೆ ಎಂದೆ. ಎರಡು ವಾರ ತಾಳಿಕೊಂಡ, ಮೂರನೇ ವಾರ, "ಅಕ್ಕಾ, ನಿಂದು ಬ್ಯಾರೆ ನಡದದ, ನಂದು ಧಂದಾ" ಎಂದು ಬೇರೆಯವಳನ್ನು ಹಿಡಿದ. ಬಹಳ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಅಂದು ಪಾಠ ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಕಾಲು ತಾವೇ ಕೋರ್ಟಿನ ಓಣಿಗೆ ತಿರುಗಿದವು.

ಟೀಚರಿಗೆ ನಮ್ಮ ಭಜನೆಯ ಪದಗಳು ಗೊತ್ತಿರಲಿಲ್ಲ. ನಾನು ಹಾಡುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳಿ, ಎಡಗೈಗೆ ತಕ್ಕ ದನಿಗಳನ್ನು ಹುಡುಕಿ ಕೊಡುತ್ತಿದ್ದರು. "ಬರೇ ಬಲಗೈಲೆ ನುಡಸ್ತೇನ್ರಿ, ಸಾಕಾಗ್ತದ" ಎಂದರೆ ಒಪ್ಪುತ್ತಿರಲಿಲ್ಲ. "ಎಡಗೈ ಇಲ್ಲದ ಪಿಯಾನೊ ಅಂದ್ರ ಪಲ್ಯಾ ಇಲ್ಲದ ರೊಟ್ಟಿ ಇದ್ದಂಗ" ಎಂದು ನನ್ನ ಭಾಷೆಯಲ್ಲೇ ನನ್ನ ಬಾಯಿ ಮುಚ್ಚಿಸಿದರು. ಇದೆಲ್ಲ ಯಾಕೆ ಕಲಿಯುತ್ತಿದ್ದೇನೆ ಎಂದು ಅವರಿಗೆ ನಾನು ಹೇಳಿರಲಿಲ್ಲ. ಗೆದ್ದ ಮೇಲೆ ಹೇಳಿದರಾಯಿತು ಎಂಬ ಕೊಬ್ಬು. ಹೇಳಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಶ್ರಾವಣದ ಕಡೇ ಸೋಮವಾರ ಮಧ್ಯಾಹ್ನ ಗೊಬ್ಬೂರಿನ ಬಸವಣ್ಣನ ಗುಡಿ ತುಂಬಿತ್ತು. ಪ್ರಸಾದ ಮುಗಿದು, ಮಳೆ ಹೊಳವಾಗಿ, ಊರಿನ ಅರ್ಧ ಜನ ಅಲ್ಲೇ ಕೂತಿದ್ದರು. ನೀಲಮ್ಮ ಪೇಟಿ ನುಡಿಸುತ್ತಾಳಂತೆ ಎಂಬ ಸುದ್ದಿಗೆ ಹೊಲದಿಂದಲೂ ಜನ ಬಂದಿದ್ದರು. ಬಸವರಾಜ, ಸುಧಾ ಹೆಂಗಸರ ಸಾಲಿನ ಹಿಂದೆ ನಿಂತಿದ್ದರು. ಕಾಕಾನನ್ನು ಕಂಬದ ಹತ್ತಿರ ಕುರ್ಚಿಯಲ್ಲಿ ಕೂಡಿಸಿದ್ದರು. ಮಲ್ಲಣ್ಣ ಕೆಂಪು ಬಟ್ಟೆ ಸರಿಸಿ ಪೇಟಿಯನ್ನು ನನ್ನ ಮುಂದೆ ಇಟ್ಟ. ಗಂಡಸರು ತಾಳ ಹಿಡಿದು ಕಾದರು.

ನಾನು ಬಸವಣ್ಣನಿಗೆ ಕೈಮುಗಿದೆ. ನಿಂಬೆಹಣ್ಣು ನೆನೆಸಿಕೊಂಡೆ, ಬೆರಳು ಬಾಗಿಸಿದೆ, ನಾಣ್ಯ ಬೀಳದ ಹಾಗೆ ಮುಂಗೈ ಸಮ ಮಾಡಿ ಎರಡೂ ಕೈಯನ್ನು ಮನೆಗಳ ಮೇಲಿಟ್ಟು ಒತ್ತಿದೆ.

ದನಿಯೇ ಇಲ್ಲ. ಟಕ್ ಟಕ್ ಎಂದು ಕಟ್ಟಿಗೆಯ ಸಪ್ಪಳ, ಅಷ್ಟೇ.

ಇನ್ನೊಮ್ಮೆ ಒತ್ತಿದೆ. ಟಕ್ ಟಕ್. ಪೇಟಿ ಕೆಟ್ಟಿದೆಯೆಂದು ಹೇಳಲು ಬಾಯಿ ತೆರೆದವಳಿಗೆ ಆಗ ಹೊಳೆಯಿತು. ಗಾಳಿ! ಅಯ್ಯೋ ಶಿವನೇ! ನಾಲ್ಕು ವರ್ಷ ಇದೇ ತಿದಿ ಒತ್ತಿ ರಟ್ಟೆ ನೋಯಿಸಿಕೊಂಡವಳು, ಮೂರು ತಿಂಗಳ ಪಿಯಾನೊದಲ್ಲಿ ಅದನ್ನೇ ಮರೆತು ಕೂತಿದ್ದೆ. ಹೆಂಗಸರ ಕಡೆಯಿಂದ ಕಿಸಕ್ಕೆಂದು ನಗು ಬಂತು. "ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಳಂತ. ಇಕಿ ಏನಂತಾಳ ಕೇಳೂಣು" ಎಂದ ಮಲ್ಲಣ್ಣ.

ಎಡಗೈಯನ್ನು ಹಿಂದೆ ಹಾಕಿ ತಿದಿ ಹಿಡಿದೆ. ಆದರೆ ಆ ಕೈಗೆ ಮೂರು ತಿಂಗಳಿಂದ ಬೇರೆ ಕೆಲಸ ಕಲಿಸಿದ್ದೆ. ಬಲಗೈ ನುಡಿಸಲು ಶುರು ಮಾಡಿದರೆ ಎಡಗೈ ತಿದಿ ಬಿಟ್ಟು ಮನೆಗಳ ಕಡೆ ಬರುತ್ತಿತ್ತು. ತಿದಿಗೆ ಮನಸ್ಸು ಕೊಟ್ಟರೆ ಬಲಗೈ ದಾರಿ ತಪ್ಪುತ್ತಿತ್ತು. ಪೇಟಿ ದಮ್ಮು ಹತ್ತಿದ ಎಮ್ಮೆಯಂತೆ ಏದುಸಿರು ಬಿಟ್ಟಿತು. ನಾಚಿಕೆಗಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬಂತು. ಒಮ್ಮೆ ಕೇಳಿ ಈ ಪೇಟಿ ಮುಟ್ಟಿ ನೋಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮಲ್ಲಣ್ಣ ಕೆಂಪು ಬಟ್ಟೆ ಕೈಗೆತ್ತಿಕೊಂಡ. ಗಾಣಗಾಪುರದ ಅಂಗಡಿ ನನ್ನ ಕಣ್ಣ ಮುಂದೆ ಬಂತು.

"ಬಟ್ಟಿ ಕೆಳಗಿಡೋ" ಎಂದ ಕಾಕಾ.

ಮಲ್ಲಣ್ಣ ಬಟ್ಟೆ ಕೆಳಗಿಟ್ಟ.

"ನನ್ನ ಒಯ್ದು ಅಕಿ ಎದುರಿಗೆ ಕೂಡಸ್ರಿ."

ಇಬ್ಬರು ಅವನನ್ನು ಎತ್ತಿ ತಂದು ಪೇಟಿಯ ಆಚೆ ಬದಿ, ನಾನು ಸಣ್ಣವಳಿದ್ದಾಗ ಕೂಡುತ್ತಿದ್ದ ಜಾಗದಲ್ಲಿ ಕೂಡಿಸಿದರು. ಬೆನ್ನಿಗೆ ಒಬ್ಬ ಆನಿಕೆ ಕೊಟ್ಟ. ಕಾಕಾ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡ. ಆಮೇಲೆ ಅದೇ ಎಡಗೈ ಚಾಚಿ ತಿದಿಗೆ ಹಚ್ಚಿದ. ನಲವತ್ತು ವರ್ಷ ಗಾಳಿ ಹಾಕಿದ ಕೈ ಅದು, ಅದಕ್ಕೆ ಲಕ್ವಾ ಮುಟ್ಟಿರಲಿಲ್ಲ.

"ಎರಡೂ ಕೈಲೆ ಕಲ್ತೀಯೇನು?" ಎಂದು ಮೆಲ್ಲಗೆ ಕೇಳಿದ.

"ಹೂಂ ಕಾಕಾ."

"ಮತ್ತ ಎರಡೂ ಕೈಲೆ ನುಡಸು. ಗಾಳಿ ಹಾಕೂದು ನನ್ನ ಕೆಲಸ."

ತಿದಿ ಏಳುವ ಸದ್ದು ಕೇಳಿದೆ. ಬೆರಳು ಬಾಗಿಸಿ ಒತ್ತಿದೆ. ದನಿ ಬಂತು ನೋಡಿ! ಬಲಗೈ ಪದ ಹೇಳಿತು, ಎಡಗೈ ಟೀಚರ್ ಹುಡುಕಿ ಕೊಟ್ಟ ದನಿಗಳನ್ನು ಕೆಳಗಿನಿಂದ ಕೂಡಿಸಿತು. ಆ ಗುಡಿಯಲ್ಲಿ ಪೇಟಿ ಅಷ್ಟು ತುಂಬಿ ನುಡಿದದ್ದನ್ನು ಯಾರೂ ಕೇಳಿರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಮಲ್ಲಣ್ಣನೇ ಆಮೇಲೆ ಹೇಳಿದ್ದು. ಎರಡನೇ ಸಾಲಿಗೆ ತಾಳ ಬಂತು, ದಮ್ಮಡಿ ಬಂತು, ಗಂಡಸರು ದನಿ ಎತ್ತಿದರು. ನಾನು ಅಳುತ್ತಿದ್ದೆ. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಪೇಟಿ ಮಾರಲಿಲ್ಲ. ಮರುವಾರ ಟೀಚರಿಗೆ ಎಲ್ಲ ಹೇಳಿದಾಗ, "ಪೇಟಿಗೆ ಅಂತ ಮೊದ್ಲೇ ಹೇಳಬಾರದಿತ್ತೇನ್ರಿ ಹುಚ್ಚಿ!" ಎಂದು ಬೈದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ತಿದಿ ಒತ್ತುವುದನ್ನೂ ಸಾಧನೆ ಮಾಡಿಕೊಂಡೆ. ಆದರೆ ಕಾಕಾ ಇರುವ ತನಕ ಗುಡಿಯಲ್ಲಿ ಆ ಕೆಲಸ ನನಗೆ ಬಿಡಲಿಲ್ಲ. ಇನ್ನೂ ಮೂರು ಶ್ರಾವಣ ಎದುರಿಗೆ ಕೂತ. ಹೋದ ವರ್ಷದಿಂದ ಅವನಿಲ್ಲ, ನನ್ನ ಎಡಗೈ ತಿದಿಗೆ ಹೋಗಿದೆ. ಪೇಟಿ ಈಗ ವರ್ಷವೆಲ್ಲ ಜೇವರ್ಗಿಯಲ್ಲಿ ನನ್ನ ಮನೆಯಲ್ಲೇ ಇರುತ್ತದೆ, ಮೊನ್ನೆಯ ಗುಳಿಗೆ ಅದರ ಹೊಟ್ಟೆಗೆ ತಂದದ್ದು. ಪಿಯಾನೊ ಪಾಠಕ್ಕೆ ಒಟ್ಟು ಎಷ್ಟು ಖರ್ಚಾಯಿತು ಎಂದು ಯಾರಾದರೂ ಕೇಳಿದರೆ ನಾನೂರು ರೊಟ್ಟಿ, ಒಂದು ಧಾಬಾ, ಮುಷ್ಟಿಯಷ್ಟು ಮಾನ ಎಂದು ಹೇಳುತ್ತೇನೆ. ಅಗ್ಗಕ್ಕೇ ಬಿತ್ತು.

ಗುಳಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿ ಪೇಟಿಯೊಳಗೆ ಇಡುವಾಗ ಪ್ರತಿ ವರ್ಷ ಮನಸ್ಸು ಅದೇ ಸೋಮವಾರಕ್ಕೆ ಹೋಗುತ್ತದೆ. ಅಂದು ಮೂರನೇ ಪದ ನಡೆದಿತ್ತು. ಕಾಕಾನ ಹಣೆಯಿಂದ ಬೆವರು ಇಳಿಯುತ್ತಿತ್ತು, ರಟ್ಟೆ ಅದುರುತ್ತಿತ್ತು. ನುಡಿಸುತ್ತಲೇ ಬಾಗಿ, "ಸಾಕ್ ಬಿಡು ಕಾಕಾ, ಕೈ ನಡಗಾಕತ್ತದ" ಎಂದೆ.

ಅವನು ತಲೆ ಎತ್ತಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತಿದ್ದ.

"ಪದಾ ಮುಗಿಯೂ ತನಾ ಗಾಳಿ ನಿಂದರಬಾರ್ದು ಬೇ" ಎಂದ.